ಹೊಟ್ಟೆಯೊಳಗಿನ ಔಷಧ ಪಂಪ್: ಮಲೆನಾಡಿನ ಮನೆಯವರು ಮಳೆಗಾಲ ನೋಡಿಕೊಂಡು ಹಾಕಿಸುವ ಬಗೆ

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಪರೂಪವೇನಲ್ಲ. ಕೊನೆ ಇಳಿಸುವಾಗ ಬಿದ್ದವರಿದ್ದಾರೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಜಾರಿದವರಿದ್ದಾರೆ. ಕಾಲಿನ ಶಕ್ತಿ ಹೋಗುವುದು ಒಂದು ಕಷ್ಟ. ಅದರ ಬೆನ್ನಿಗೇ ಬರುವ ಸೆಟೆತ ಇನ್ನೊಂದು ಕಷ್ಟ. ಕಾಲು ತಾನಾಗಿ ಬಿಗಿಯುತ್ತದೆ, ನಡುರಾತ್ರಿ ಮಡಚಿಕೊಳ್ಳುತ್ತದೆ. ತೊಡೆ ಬಿಡಿಸಿ ಮೈ ತೊಳೆಸಲಿಕ್ಕೂ ಇಬ್ಬರು ಬೇಕು. ಬ್ಯಾಕ್ಲೋಫೆನ್ ಮಾತ್ರೆ ಏರಿಸುತ್ತಾ ಹೋದರೆ ಎಷ್ಟೋ ಜನರಿಗೆ ಸೆಟೆತ ಇಳಿಯುವ ಮೊದಲೇ ಮಂಪರು ಹಿಡಿಯುತ್ತದೆ. ಇಂಥ ಹೊತ್ತಿನಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರು "ಪಂಪ್ ಹಾಕಿಸಬಹುದು ನೋಡಿ" ಎನ್ನುತ್ತಾರೆ.

ಮನೆಯವರ ಮೊದಲ ಪ್ರಶ್ನೆ ದುಡ್ಡಿನದು, ಎರಡನೆಯದು ಆಪರೇಶನ್ನಿನದು. ಎರಡೂ ಕೇಳಬೇಕಾದ್ದೇ. ಆದರೆ ಮಲೆನಾಡಿನವರು ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ. ಈ ಪಂಪಿಗೆ ಮತ್ತೆ ಮತ್ತೆ ಔಷಧ ತುಂಬುವವರು ಯಾರು? ಎಲ್ಲಿ? ಜುಲೈ ತಿಂಗಳ ಮಳೆಯಲ್ಲಿ ನಾವು ಅಲ್ಲಿಗೆ ಹೋಗಿ ಮುಟ್ಟುವುದು ಹೇಗೆ? ಆಪರೇಶನ್ ಒಂದು ದಿನದಲ್ಲಿ ಮುಗಿಯುತ್ತದೆ. ತುಂಬಿಸುವ ಕೆಲಸ ಪಂಪ್ ಒಳಗಿರುವಷ್ಟು ಕಾಲವೂ ಇರುತ್ತದೆ. ನಮ್ಮ ಭಾವನಿಗೆ ಪಂಪ್ ಇದೆ. ಅಕ್ಕ ನೋಡಿಕೊಳ್ಳುತ್ತಾಳೆ, ಆಸ್ಪತ್ರೆಗೆ ನಾನು ಜೊತೆಗಿರುತ್ತೇನೆ. ಹೊಸದಾಗಿ ಹಾಕಿಸುವವರು ಫೋನ್ ಮಾಡಿ ಕೇಳುವುದೆಲ್ಲ ಈ ವಿಷಯಗಳನ್ನೇ. ಅದಕ್ಕೆ ಒಂದೇ ಕಡೆ ಬರೆದಿಡುತ್ತಿದ್ದೇನೆ. ಡೋಸ್ ಎಷ್ಟು, ಯಾವ ಔಷಧ ಎನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಮೊದಲು: ಇದು ಏನು, ಏನಲ್ಲ

ಸಕ್ಕರೆ ಕಾಯಿಲೆಯವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಇನ್ಸುಲಿನ್ ಪಂಪ್ ಇದಲ್ಲ. ಕ್ಯಾನ್ಸರಿನವರಿಗೆ ಎದೆಯ ಹತ್ತಿರ ಇಡುವ ಕೀಮೋ ಪೋರ್ಟ್ ಕೂಡ ಅಲ್ಲ. ಪೋರ್ಟ್ ಬರೀ ದಾರಿ, ಅದು ತಾನಾಗಿ ಏನನ್ನೂ ತಳ್ಳುವುದಿಲ್ಲ.

ಇದು ದುಂಡಗಿನ ಟೈಟಾನಿಯಂ ಡಬ್ಬಿ. ನಮ್ಮಲ್ಲಿರುವಂಥದ್ದು ಎಂಟೂವರೆ, ಒಂಬತ್ತು ಸೆಂಟಿಮೀಟರ್ ಅಗಲ, ಎರಡರಿಂದ ಎರಡೂವರೆ ಸೆಂಟಿಮೀಟರ್ ದಪ್ಪ. ಹೊಟ್ಟೆಯ ಚರ್ಮದ ಕೆಳಗೆ ಕೂರಿಸುತ್ತಾರೆ. ಅಲ್ಲಿಂದ ಒಂದು ಸಣ್ಣ ಮೆತ್ತನೆಯ ಪೈಪು ಚರ್ಮದಡಿಯಲ್ಲೇ ಪಕ್ಕೆ ಬಳಸಿ ಬೆನ್ನಿಗೆ ಹೋಗುತ್ತದೆ. ಅದರ ತುದಿ ಬೆನ್ನುಹುರಿಯ ಸುತ್ತ ಇರುವ ದ್ರವದೊಳಗಿರುತ್ತದೆ. ಡಬ್ಬಿಯೊಳಗೆ 20 ಅಥವಾ 40 ಎಂ.ಎಲ್. ಔಷಧ ಹಿಡಿಯುವ ಸಂಗ್ರಹ, ಒಂದು ಬ್ಯಾಟರಿ, ಪುಟ್ಟ ಮೋಟರ್. ಮೋಟರ್ ತಿರುಗಿದಾಗ ರೋಲರುಗಳು ಒಳಗಿನ ಕೊಳವೆಯನ್ನು ಅದುಮಿ ಅದುಮಿ ಔಷಧವನ್ನು ಮುಂದೆ ಸರಿಸುತ್ತವೆ. ಎಷ್ಟು ವೇಗ ಎನ್ನುವುದನ್ನು ಡಾಕ್ಟರು ಹೊರಗಿನಿಂದಲೇ, ಚರ್ಮದ ಮೇಲೆ ಉಪಕರಣ ಹಿಡಿದು ಬದಲಿಸಬಹುದು.

ತೋಟದವರಿಗೆ ಹೇಳುವುದಾದರೆ ಮಾತ್ರೆ ಸ್ಪ್ರಿಂಕ್ಲರ್, ಪಂಪ್ ಡ್ರಿಪ್. ಇಡೀ ಮೈಗೆ ಎರಚುವ ಬದಲು ಬೇಕಾದ ಬುಡಕ್ಕೇ ಹನಿ ಬೀಳುತ್ತದೆ. ಹಾಗಾಗಿ ಪ್ರಮಾಣ ತೀರಾ ಕಡಿಮೆ ಸಾಕು. ದಿನಕ್ಕೆ 60–80 ಮಿಲಿಗ್ರಾಂ ಬ್ಯಾಕ್ಲೋಫೆನ್ ಮಾತ್ರೆ ನುಂಗುತ್ತಿದ್ದವರಿಗೆ ಪಂಪಿನಲ್ಲಿ ಕೆಲವು ನೂರು ಮೈಕ್ರೋಗ್ರಾಂ ಸಾಕಾಗುವುದುಂಟು. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ.

ಈ ಬಗೆಯ ಚಿಕಿತ್ಸೆ ಹೊಸದೇನಲ್ಲ. ಬೆನ್ನಿನ ದ್ರವಕ್ಕೆ ಬ್ಯಾಕ್ಲೋಫೆನ್ ಕೊಟ್ಟು ಸೆಟೆತ ಇಳಿಸಿದ್ದನ್ನು ಅಮೆರಿಕದ ಪೆನ್ ಮತ್ತು ಕ್ರೋಯಿನ್ 1984ರಲ್ಲಿ ಪ್ರಕಟಿಸಿದರು. 1992ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು. ಬ್ಯಾಟರಿ ಇಲ್ಲದೆ ಅನಿಲದ ಒತ್ತಡದಲ್ಲಿ ನಡೆಯುವ ಪಂಪುಗಳೂ ಇವೆ. ಅವುಗಳಲ್ಲಿ ಔಷಧ ಹೋಗುವ ವೇಗ ಒಂದೇ, ಜ್ವರ ಬಂದು ಮೈ ಬಿಸಿಯಾದರೆ ವೇಗ ಹೆಚ್ಚುತ್ತದೆ. ನಿಮಗೆ ಹಾಕುವುದು ಯಾವ ಬಗೆ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಕ್ಯಾನ್ಸರ್ ನೋವಿಗೆ ಇದೇ ಪಂಪಿನಲ್ಲಿ ಮಾರ್ಫಿನ್ ಕೊಡುತ್ತಾರೆ. ಬಾಯಲ್ಲಿ ಕೊಡುವ 300 ಮಿಲಿಗ್ರಾಂಗೆ ಬೆನ್ನಿನ ದ್ರವದಲ್ಲಿ ಸುಮಾರು 1 ಮಿಲಿಗ್ರಾಂ ಸಮ ಎನ್ನುವುದು ಡಾಕ್ಟರುಗಳ ಅಂದಾಜು ಲೆಕ್ಕ. ಆದರೆ ನೋವಿಗೆ ಪಂಪಿನ ಮಾತು ಬಂದರೆ ಮೊದಲು ಉಪಶಮನ ಚಿಕಿತ್ಸೆ ಕೊಡುವವರನ್ನು ಕಾಣಿ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಮಾತ್ರೆ ಇಟ್ಟುಕೊಳ್ಳುವುದು ಸಲೀಸಾಗಿದೆ. ಎಷ್ಟೋ ಜನರಿಗೆ ಮಾತ್ರೆಯಲ್ಲೇ ನೋವು ಹತೋಟಿಗೆ ಬರುತ್ತದೆ. ಅದನ್ನು ಸರಿಯಾಗಿ ಕೊಟ್ಟು ನೋಡದೆ ಹೊಟ್ಟೆ ಕೊಯ್ಯಿಸಬಾರದು. ಇಲ್ಲಿಂದ ಮುಂದೆ ಸೆಟೆತದ ಪಂಪಿನ ಬಗ್ಗೆಯೇ ಬರೆಯುತ್ತೇನೆ.

ಎರಡನೆಯ ಹೆಜ್ಜೆ: ಪರೀಕ್ಷೆಯ ಡೋಸ್

ಪಂಪ್ ಹಾಕುವ ಮೊದಲು ಬೆನ್ನಿಗೆ ಸೂಜಿ ಹಾಕಿ ಒಂದು ಡೋಸ್ ಕೊಟ್ಟು ನೋಡುತ್ತಾರೆ. ಸಾಮಾನ್ಯವಾಗಿ 50 ಮೈಕ್ರೋಗ್ರಾಂ. ಅದಕ್ಕೆ ಬಗ್ಗದಿದ್ದರೆ ಮರುದಿನ 75, ಆಮೇಲೆ 100. ನೂರಕ್ಕೂ ಸೆಟೆತ ಇಳಿಯದಿದ್ದರೆ ಪಂಪ್ ಹಾಕುವುದಿಲ್ಲ. ಔಷಧದ ಕೆಲಸ ಸೂಜಿ ಹಾಕಿ ಸುಮಾರು ನಾಲ್ಕು ಗಂಟೆ ಕಳೆಯುವ ಹೊತ್ತಿಗೆ ಜೋರಾಗಿ ಕಾಣುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಮನೆಯವರು ಪಕ್ಕದಲ್ಲೇ ಇರಬೇಕು. ಕಾಲು ಸಡಿಲವಾಯಿತು ಅಂತ ಖುಷಿಪಟ್ಟು ಸುಮ್ನೆ ಕೂರಬೇಡಿ. ದಿನಾ ಮಾಡುವ ಕೆಲಸಗಳನ್ನೇ ಮಾಡಿಸಿ ನೋಡಿ: ಮಂಚದಿಂದ ಗಾಲಿಕುರ್ಚಿಗೆ ಕೂರಿಸುವುದು, ತೊಡೆ ಬಿಡಿಸುವುದು, ಪಂಚೆ ಉಡಿಸುವುದು.

ಕೆಲವರು ಆ ಬಿಗಿತದ ಬಲದಿಂದಲೇ ನಿಲ್ಲುತ್ತಿರುತ್ತಾರೆ. ಪೂರ್ತಿ ಸಡಿಲವಾದರೆ ನಿಲ್ಲಲಿಕ್ಕೂ ಆಗುವುದಿಲ್ಲ. "ಸೆಟೆತ ಪೂರಾ ಹೋಗಲಿ" ಎಂದು ಹಟ ಮಾಡದೆ, ಯಾವ ಕೆಲಸಕ್ಕೆ ಎಷ್ಟು ಬಿಗಿತ ಬೇಕು ಎಂದು ಡಾಕ್ಟರಿಗೂ ಫಿಸಿಯೋಥೆರಪಿಯವರಿಗೂ ಹೇಳಿ. ಇದನ್ನು ಮನೆಯಲ್ಲಿ ನೋಡಿದವರೇ ಹೇಳಬೇಕು, ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮೂರನೆಯ ಹೆಜ್ಜೆ: ಒಪ್ಪಿಗೆಗೆ ಸಹಿ ಹಾಕುವ ಮುಂಚೆ

ಒಂದು ಹಾಳೆಯಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿ. ತುಂಬಿಸುವ ಕೆಲಸ ಗೊತ್ತಿರುವವರು ಆ ಆಸ್ಪತ್ರೆಯಲ್ಲಿ ಎಷ್ಟು ಜನ? ಒಬ್ಬರೇ ಆದರೆ ಅವರು ರಜೆಯಲ್ಲಿದ್ದಾಗ ಯಾರು? ರಾತ್ರಿ ಫೋನ್ ಎತ್ತುವ ನಂಬರ್ ಯಾವುದು? ಪಂಪಿಗೆ ಹಾಕುವ ಔಷಧ ಸಂರಕ್ಷಕ ಬೆರೆಸದ, ಬೆನ್ನಿನ ದ್ರವಕ್ಕೆಂದೇ ತಯಾರಿಸಿದ ಔಷಧ. ತೀರ್ಥಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವಂಥದ್ದಲ್ಲ. ಅದನ್ನು ತರಿಸುವವರು ಆಸ್ಪತ್ರೆಯವರೋ ನಾವೋ, ತರಿಸಲು ಎಷ್ಟು ದಿನ ಹಿಡಿಯುತ್ತದೆ, ಒಂದು ಸಲ ತುಂಬಲು ಎಷ್ಟು ಖರ್ಚು? ಪಂಪಿನ ಬೆಲೆಯೇ ಲಕ್ಷಗಳಲ್ಲಿ. ಜೊತೆಗೆ ವರ್ಷಕ್ಕೆ ಎಷ್ಟು ಸಲ ತುಂಬಿಸಬೇಕೋ ಅದರ ಲೆಕ್ಕವನ್ನೂ ಅಲ್ಲೇ ಹಾಕಿಸಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ಆದರೆ ನಿಮ್ಮ ಆಪರೇಶನ್, ಪಂಪ್, ಔಷಧ ಈ ಮೂರರಲ್ಲಿ ಯಾವುದಕ್ಕೆ ಅದು ಅನ್ವಯಿಸುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ಬರಹದಲ್ಲೇ ಪಡೆಯಿರಿ.

ಪಂಪ್ ಎಲ್ಲಿ ಕೂರಬೇಕು ಎನ್ನುವುದೂ ಸಹಿಗೆ ಮುಂಚಿನ ಮಾತು. ಆಪರೇಶನ್ನಿನ ಹಿಂದಿನ ದಿನ ಭಾವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಪಂಚೆ ಉಡಿಸಿ, ಕುರ್ಚಿಯ ಬೆಲ್ಟ್ ಹಾಕಿ ತೋರಿಸಿದೆವು. ಕೂತಾಗ ಹೊಟ್ಟೆ ಎಲ್ಲಿ ಮಡಿಯುತ್ತದೆ, ಪಂಚೆಯ ಗಂಟು ಎಲ್ಲಿ ಬರುತ್ತದೆ, ಬೆಲ್ಟ್ ಎಲ್ಲಿ ಒತ್ತುತ್ತದೆ ಎಂದು ನೋಡಿ ಸರ್ಜನ್ ಪೆನ್ನಿನಲ್ಲಿ ಗುರುತು ಹಾಕಿದರು. ಪಕ್ಕೆಲುಬಿಗೂ ಸೊಂಟದ ಮೂಳೆಗೂ ತಾಗಬಾರದು. ಯಾವ ಮಗ್ಗುಲಿಗೆ ಮಲಗುತ್ತಾರೆ ಎನ್ನುವುದನ್ನೂ ಹೇಳಿ. ಉಡಿದಾರ ಕಟ್ಟುವವರಿದ್ದರೆ ಅದನ್ನೂ ಹೇಳಿ, ದಾರ ಉಜ್ಜಿ ಉಜ್ಜಿ ಪಂಪಿನ ಮೇಲಿನ ಚರ್ಮ ಕೆಂಪಾಗುತ್ತದೆ.

ಯಾವ ತಿಂಗಳು? ಆತುರದ ಕಾರಣವಿಲ್ಲದಿದ್ದರೆ ಶಿವರಾತ್ರಿಯ ಹೊತ್ತು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ದೀಪಾವಳಿ ಕಳೆದ ಮೇಲೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಅಂತ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮೊದಲ ಕೆಲವು ತಿಂಗಳು ಡೋಸ್ ಹೊಂದಿಸಲು ಮೇಲಿಂದ ಮೇಲೆ ಓಡಾಡಬೇಕು. ಶಿವರಾತ್ರಿಗೆ ಹಾಕಿಸಿದರೆ ಮುಂಗಾರು ಹಿಡಿಯುವ ಹೊತ್ತಿಗೆ ಗಾಯವೂ ಮಾಗಿರುತ್ತದೆ, ಡೋಸೂ ಒಂದು ಹದಕ್ಕೆ ಬಂದಿರುತ್ತದೆ.

ಆಪರೇಶನ್ ಆದ ಮೇಲೆ

ಗಾಯ ಎರಡು ಕಡೆ, ಹೊಟ್ಟೆಯಲ್ಲೊಂದು, ಬೆನ್ನಿನಲ್ಲೊಂದು. ಬೆನ್ನಿನದನ್ನು ನೋಡಲು ಮರೆಯುತ್ತೇವೆ. ಎದ್ದು ಕೂತರೆ ತಲೆನೋವು, ಮಲಗಿದರೆ ಕಡಿಮೆ ಅಂತಾದರೆ, ಅಥವಾ ಬ್ಯಾಂಡೇಜಿನಲ್ಲಿ ತಿಳಿನೀರು ಒಸರಿದರೆ, ಬೆನ್ನಿನ ದ್ರವ ಸೋರುತ್ತಿರಬಹುದು. ಕೂಡಲೇ ಫೋನ್ ಮಾಡಿ. ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ ಮಾರನೇ ದಿನ ನೋಡೋಣ ಅನ್ನಬಾರದು. ಇಲ್ಲಿ ಸೋಂಕು ಪೈಪಿನ ಜೊತೆಗೇ ಬೆನ್ನುಹುರಿಯವರೆಗೆ ಹೋಗಬಲ್ಲದು. ಹೊಲಿಗೆ ಒಣಗಿ ಡಾಕ್ಟರು ಹೇಳುವ ತನಕ ಹಂಡೆ ನೀರಿನ ಸ್ನಾನ ಬೇಡ, ಒದ್ದೆಬಟ್ಟೆಯಲ್ಲಿ ಒರೆಸಿದರೆ ಸಾಕು. ಮೊದಲ ಆರೆಂಟು ವಾರ ಸೊಂಟ ತಿರುಚುವುದು, ಜಗ್ಗಿ ಎತ್ತುವುದು ಬೇಡ, ಪೈಪು ಜರುಗಬಹುದು.

ಎಲ್ಲಕ್ಕಿಂತ ಮುಖ್ಯ: ತುಂಬಿಸುವ ದಿನಾಂಕದ ಲೆಕ್ಕ

ಲೆಕ್ಕ ಕಷ್ಟವಿಲ್ಲ, ಮನೆಯವರಿಗೂ ಬರಬೇಕು. ಒಂದು ಉದಾಹರಣೆ. ಔಷಧ ಒಂದು ಎಂ.ಎಲ್.ಗೆ 2000 ಮೈಕ್ರೋಗ್ರಾಂ ಇದೆ, ದಿನದ ಡೋಸ್ 400 ಮೈಕ್ರೋಗ್ರಾಂ ಅಂದುಕೊಳ್ಳಿ. ಆಗ ದಿನಕ್ಕೆ 0.2 ಎಂ.ಎಲ್. ಖರ್ಚು. ಪಂಪಿನಲ್ಲಿ 20 ಎಂ.ಎಲ್. ಇದೆ. ಕೊನೆಯ 2 ಎಂ.ಎಲ್. ಉಳಿದಾಗ ಅಲಾರಾಂ ಹೊಡೆಯುವಂತೆ ಇಟ್ಟಿದ್ದಾರೆ. ಹದಿನೆಂಟನ್ನು 0.2ರಿಂದ ಭಾಗಿಸಿದರೆ 90 ದಿನ. ಅದೇ ಡೋಸಿಗೆ ಎಂ.ಎಲ್.ಗೆ 500 ಮೈಕ್ರೋಗ್ರಾಂ ಇರುವ ತೆಳು ಔಷಧ ಹಾಕಿದರೆ ಇಪ್ಪತ್ತೆರಡು ದಿನಕ್ಕೇ ಓಡಬೇಕು. ದೂರದ ಊರಿನವರು "ಗಟ್ಟಿ ಔಷಧ ಹಾಕಲು ಆಗುತ್ತದಾ ಡಾಕ್ಟ್ರೇ" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಡೋಸ್ ಎಷ್ಟೇ ಕಡಿಮೆ ಇದ್ದರೂ ಒಳಗಿನ ಔಷಧವನ್ನು ಆರು ತಿಂಗಳಿಗಿಂತ ಜಾಸ್ತಿ ಇಡುವುದಿಲ್ಲ.

ಈಗ ಇದನ್ನು ನಮ್ಮ ಮಳೆಯ ಮೇಲೆ ಇಟ್ಟು ನೋಡಿ. ಆರಿದ್ರೆ ಹಿಡಿದು ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ತನಕ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಅರ್ಧದವರೆಗೆ, ಯಾವ ದಿನ ಯಾವ ಘಾಟಿಯಲ್ಲಿ ಗುಡ್ಡ ಕುಸಿಯುತ್ತದೋ, ಎಲ್ಲಿ ಮರ ಬೀಳುತ್ತದೋ ಹೇಳಲಾಗದು. ಆಗುಂಬೆಯಲ್ಲಿ ವರ್ಷದ ಮಳೆ ಸರಾಸರಿ 7000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ಬೀಳುವುದು ಈ ನಕ್ಷತ್ರಗಳಲ್ಲೇ. 90 ದಿನದ ಪಂಪನ್ನು ಏಪ್ರಿಲ್ 20ಕ್ಕೆ ತುಂಬಿಸಿದರೆ ಮುಂದಿನ ದಿನಾಂಕ ಜುಲೈ 19, ಸರಿಯಾಗಿ ಪುಷ್ಯದ ಬಾಯಿಗೆ. ಅದರ ಬದಲು ಜೂನ್ 1ಕ್ಕೆ ಮುಂಚಿತವಾಗಿಯೇ ಹೋಗಿ ತುಂಬಿಸಿದರೆ ಅಲಾರಾಂ ದಿನಾಂಕ ಆಗಸ್ಟ್ 30ಕ್ಕೆ ಹೋಗುತ್ತದೆ. ಬೇಗ ತುಂಬಿಸಲು ಅಡ್ಡಿಯಿಲ್ಲ. ಒಳಗೆ ಉಳಿದ ಔಷಧವನ್ನು ತೆಗೆದು ಚೆಲ್ಲುತ್ತಾರೆ, ಅಷ್ಟು ದುಡ್ಡು ಹೋಗುತ್ತದೆ. ಘಾಟಿ ಕಟ್ಟಿಹೋದಾಗ ಪಂಪ್ ಬರಿದಾಗುವುದಕ್ಕೆ ಹೋಲಿಸಿದರೆ ಆ ನಷ್ಟ ಏನೂ ಅಲ್ಲ.

ಪ್ರತಿ ವರ್ಷ ಯುಗಾದಿಗೆ ಅಕ್ಕ ಹೊಸ ಪಂಚಾಂಗದಲ್ಲಿ ಮಳೆನಕ್ಷತ್ರ ನೋಡಿ ಕ್ಯಾಲೆಂಡರಿನಲ್ಲಿ ಗೆರೆ ಹಾಕುತ್ತಾಳೆ, ಆಮೇಲೆ ಡಾಕ್ಟರಿಗೆ ತೋರಿಸುತ್ತಾಳೆ. ನೀವೂ ಹಾಗೇ ಮಾಡಿ. ಹೋಗುವ ದಾರಿಯನ್ನೂ ಎರಡು ಇಟ್ಟುಕೊಳ್ಳಿ. ಮಣಿಪಾಲದ ಕಡೆ ಹೋಗುವವರು ಆಗುಂಬೆ ಬಂದಾದರೆ ಹುಲಿಕಲ್ ಘಾಟಿ, ಅದೂ ಇಲ್ಲದಿದ್ದರೆ ಏನು ಎಂದು ಮೊದಲೇ ಮಾತಾಡಿಕೊಳ್ಳಿ. ಬೆಂಗಳೂರಿನ ಕಡೆ ಹೋಗುವವರಿಗೆ ಘಾಟಿಯ ಹೆದರಿಕೆ ಇಲ್ಲ, ಶಿವಮೊಗ್ಗದಿಂದ ರೈಲೂ ಇದೆ. ಹಳ್ಳ ದಾಟಿ ಶಿವಮೊಗ್ಗಕ್ಕೆ ಬಂದು ಮುಟ್ಟುವುದೇ ಅವರ ಕಷ್ಟ. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ತುಮರಿ ಕಡೆಯವರಿಗೆ ರಾತ್ರಿ ಹೊತ್ತು ಲಾಂಚ್ ಇಲ್ಲವೆಂಬ ಚಿಂತೆಯಾದರೂ ತಪ್ಪಿದೆ.

ತುಂಬಿಸುವ ದಿನ ಪಕ್ಕದಲ್ಲಿ ನಿಂತು ನೋಡಬೇಕಾದ್ದು

ಚರ್ಮ ಸ್ವಚ್ಛ ಮಾಡಿ, ಪಂಪಿನ ಮೇಲೆ ಅಚ್ಚು ಇಟ್ಟು, ನಡುವಿನ ರಬ್ಬರ್ ಬಾಗಿಲಿಗೆ ವಿಶೇಷ ಸೂಜಿ ಹಾಕುತ್ತಾರೆ. ಹಳೆಯ ಔಷಧವನ್ನು ಪೂರ್ತಿ ಎಳೆದು ತೆಗೆದು ಅಳೆಯುತ್ತಾರೆ. ಆಮೇಲೆ ಹೊಸದು. ಈ ಅಳತೆಯ ಹೊತ್ತಿಗೆ ಅಕ್ಕ ತಪ್ಪದೆ ಕೇಳುತ್ತಾಳೆ:

"ಸಿಸ್ಟರ್, ಮಿಷಿನ್ನಲ್ಲಿ ಎಷ್ಟು ಉಳಿದಿರ್ಬೇಕು ಅಂತ ಇತ್ತು, ಕೈಗೆ ಎಷ್ಟು ಬಂತು?"

"ಮೂರೂವರೆ ಇರ್ಬೇಕಿತ್ತು ಅಕ್ಕ, ಮೂರು ಪಾಯಿಂಟ್ ನಾಲ್ಕು ಬಂತು. ಸರಿ ಇದೆ."

ಈ ಎರಡು ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆಯಿರಿ. ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಉಳಿದಿದ್ದರೆ ಔಷಧ ಸರಿಯಾಗಿ ಹೋಗುತ್ತಿಲ್ಲ ಎಂದರ್ಥ. ತುಂಬಾ ಕಡಿಮೆ ಇದ್ದರೂ ಏನೋ ಯಡವಟ್ಟಾಗಿದೆ. ಡೋಸ್, ಔಷಧದ ಗಟ್ಟಿತನ, ಮುಂದಿನ ಅಲಾರಾಂ ದಿನಾಂಕ, ಈ ಮೂರನ್ನೂ ಕೇಳಿ ಬರೆದುಕೊಳ್ಳಿ. ದಿನಾಂಕಕ್ಕಿಂತ ಒಂದೆರಡು ವಾರ ಮುಂಚಿನ ದಿನವನ್ನು ಅಲ್ಲೇ ಗೊತ್ತು ಮಾಡಿಕೊಂಡು ಬನ್ನಿ.

ಮುಗಿದ ಕೂಡಲೇ ಬಸ್ಸಿಗೆ ಓಡಬೇಡಿ. ಅಪರೂಪಕ್ಕೆ ಸೂಜಿ ಜರುಗಿ ಔಷಧ ಪಂಪಿನ ಹೊರಗೆ, ಚರ್ಮದಡಿಗೆ ಹೋಗುವುದುಂಟು. ಇದು ಜೀವಕ್ಕೇ ಅಪಾಯ. ಅಲ್ಲಿ ಉಬ್ಬಿದರೆ, ಉರಿದರೆ, ಮಂಪರು ಬಂದರೆ ಗೊತ್ತಾಗಬೇಕು. ಆಸ್ಪತ್ರೆಯವರು ಹೇಳುವಷ್ಟು ಹೊತ್ತು ಕೂತು, ಮಾತಾಡಿಸಿ ನೋಡಿ, ಆಮೇಲೆ ಹೊರಡಿ.

ಅಲಾರಾಂ, ತುರಿಕೆ, ಜ್ವರ

ಪಂಪ್ ಒಳಗಿನಿಂದಲೇ ಸಣ್ಣಗೆ ಬೀಪ್ ಎನ್ನುತ್ತದೆ. ಒಂದೇ ಸ್ವರದ್ದು ಔಷಧವೋ ಬ್ಯಾಟರಿಯೋ ಮುಗಿಯುತ್ತಾ ಬಂತು ಎಂದು ಹೇಳುವುದು. ಎರಡು ಸ್ವರದ್ದು ತುರ್ತಿನದು: ಪಂಪ್ ನಿಂತಿರಬಹುದು, ಬರಿದಾಗಿರಬಹುದು. ಆಸ್ಪತ್ರೆಯಲ್ಲೇ ಎರಡೂ ಸದ್ದನ್ನು ಹೊಡೆಸಿ ಮನೆಯವರೆಲ್ಲ ಕೇಳಿಸಿಕೊಳ್ಳಿ. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ, ಹೊರಗೆ ಕಪ್ಪೆ, ಜೀರುಂಡೆ. ಆ ಗಲಾಟೆಯಲ್ಲಿ ಈ ಬೀಪ್ ಕೇಳುವುದೇ ಇಲ್ಲ. ಮಲಗುವ ಮುಂಚೆ ಬಾಗಿಲು ಹಾಕಿ ಹೊಟ್ಟೆಯ ಹತ್ತಿರ ಕಿವಿಯಿಟ್ಟು ಸ್ವಲ್ಪ ಹೊತ್ತು ಕೇಳುವ ಅಭ್ಯಾಸ ಮಾಡಿ. ಪೈಪು ಮಡಚಿಕೊಂಡರೆ, ಬಿಟ್ಟುಹೋದರೆ ಅಲಾರಾಂ ಹೊಡೆಯುವುದಿಲ್ಲ ಎನ್ನುವುದೂ ನೆನಪಿರಲಿ. ಆಗ ಮೈಯೇ ಹೇಳಬೇಕು.

ಬ್ಯಾಕ್ಲೋಫೆನ್ ಏಕಾಏಕಿ ನಿಂತರೆ ಮೊದಲು ಕಾಣುವುದು ಎಷ್ಟೋ ಸಲ ತುರಿಕೆ. ದದ್ದು ಇಲ್ಲದೆ ಮೈಯೆಲ್ಲ ತುರಿಕೆ. ಕಂಬಳಿಹುಳ ಮುಟ್ಟಿತೋ, ಚೇರಿನ ಸೊನೆ ತಾಗಿತೋ ಅಂದುಕೊಂಡು ಎಣ್ಣೆ ಹಚ್ಚಿ ಕೂತರೆ ಹೊತ್ತು ಹೋಗುತ್ತದೆ. ಆಮೇಲೆ ಸೆಟೆತ ಮೊದಲಿಗಿಂತ ಜೋರಾಗಿ ಮರಳುತ್ತದೆ, ಜ್ವರ ಏರುತ್ತದೆ, ಬೆವರು, ಗಲಿಬಿಲಿ, ಅಸಂಬದ್ಧ ಮಾತು, ಅಪಸ್ಮಾರ. ಬಿಟ್ಟರೆ ಸ್ನಾಯು ಕರಗಿ ಮೂತ್ರಪಿಂಡ ಕೆಟ್ಟು ಜೀವ ಹೋಗಬಹುದು. ಇದೆಲ್ಲ ಗಂಟೆಗಳಿಂದ ಎರಡು ಮೂರು ದಿನದೊಳಗೆ ಆಗುವಂಥದ್ದು.

ನಮ್ಮ ಕಡೆ ಇದರಲ್ಲಿ ಇನ್ನೊಂದು ಅಪಾಯವಿದೆ. ಜ್ವರ, ಗಲಿಬಿಲಿ ಅಂತ ಹತ್ತಿರದ ಆಸ್ಪತ್ರೆಗೆ ಹೋದರೆ ಅಲ್ಲಿನ ಡಾಕ್ಟರಿಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ, ಇಲಿಜ್ವರ, ಡೆಂಗಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನ ಕಡೆ, ಹಾಗೆ ಯೋಚಿಸುವುದು ಸಹಜ. ರಕ್ತಪರೀಕ್ಷೆಯ ವರದಿ ಬರುವ ತನಕ ಕಾಯುತ್ತಾ ಪಂಪಿನ ವಿಷಯ ಹಿಂದೆ ಬೀಳಬಾರದು. ಒಳಗೆ ಕಾಲಿಟ್ಟ ಕೂಡಲೇ ಮೊದಲ ಮಾತು ಇದೇ ಆಗಿರಲಿ: "ಹೊಟ್ಟೆಯಲ್ಲಿ ಬ್ಯಾಕ್ಲೋಫೆನ್ ಪಂಪ್ ಇದೆ, ನಿಂತಿರಬಹುದು."

ಇದಕ್ಕಾಗಿ ಪಂಪ್ ಹಾಕಿದ ಡಾಕ್ಟರ ಕೈಯಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಪಂಪಿನ ಮಾದರಿ, ಔಷಧ, ಡೋಸ್, ಕೊನೆಯ ಬಾರಿ ತುಂಬಿಸಿದ ದಿನ, ನಿಂತರೆ ಏನು ಕೊಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲ ಅದರಲ್ಲಿರಲಿ. ಒಂದು ಪ್ರತಿ ಮನೆಯಲ್ಲಿ, ಒಂದು ಗಾಲಿಕುರ್ಚಿಯ ಚೀಲದಲ್ಲಿ, ಒಂದು ಊರಿನ ಡಾಕ್ಟರ ಹತ್ತಿರ. ಶಿವಮೊಗ್ಗಕ್ಕೆ ಹೋದಾಗ ಮೆಗ್ಗಾನ್ ಆಸ್ಪತ್ರೆಯ ಹಳೆಯ ಕಡತಕ್ಕೂ ಒಂದು ಸೇರಿಸಿ. ದಾರಿಯಲ್ಲಿ ಕೊಡಲು ಎಷ್ಟು ಬ್ಯಾಕ್ಲೋಫೆನ್ ಮಾತ್ರೆ ಮನೆಯಲ್ಲಿರಬೇಕು ಎಂದೂ ಅದರಲ್ಲೇ ಬರೆಸಿ. ಮಾತ್ರೆ ಕೊಟ್ಟೆವಲ್ಲ ಎಂದು ಮನೆಯಲ್ಲೇ ಉಳಿಯಬೇಡಿ, ಅದು ಪಂಪಿನ ಜಾಗ ತುಂಬುವುದಿಲ್ಲ. ನೆಟ್‌ವರ್ಕ್ ಸಿಗದ ಮನೆಯಾದರೆ 108ಕ್ಕೆ ಎಲ್ಲಿಂದ, ಯಾರ ಮನೆಯಿಂದ ಫೋನ್ ಮಾಡುವುದು ಎಂದು ಮೊದಲೇ ಗೊತ್ತಿರಲಿ.

ಇದರ ತಿರುಗುಮುರುಗು ಔಷಧ ಜಾಸ್ತಿ ಹೋದಾಗ: ಕೈಕಾಲು ಜೋತುಬೀಳುವುದು, ಎಬ್ಬಿಸಿದರೂ ಏಳದ ನಿದ್ದೆ, ಉಸಿರು ನಿಧಾನ. ಇದಕ್ಕೂ 108. ಡೋಸ್ ಬದಲಿಸಿದ ಅಥವಾ ತುಂಬಿಸಿದ ಮೊದಲ ಎರಡು ದಿನ ಒಬ್ಬರು ಹತ್ತಿರವೇ ಮಲಗಿ.

ಸೆಟೆತ ಸ್ವಲ್ಪ ಜಾಸ್ತಿಯಾದ ಮಾತ್ರಕ್ಕೆ ಪಂಪ್ ಕೆಟ್ಟಿತು ಅಂತಲ್ಲ. ಮೂತ್ರದ ಸೋಂಕು, ಮಲಬದ್ಧತೆ, ಹಾಸಿಗೆ ಹುಣ್ಣು, ಚರ್ಮದೊಳಗೆ ಬೆಳೆದ ಉಗುರು, ಯಾವುದಿದ್ದರೂ ಸೆಟೆತ ಏರುತ್ತದೆ. ಮೂತ್ರದ ಬಣ್ಣ, ವಾಸನೆ, ಬೆನ್ನು, ಹಿಮ್ಮಡಿ ನೋಡಿ. ತುರಿಕೆ, ಜ್ವರ, ಗಲಿಬಿಲಿ ಜೊತೆಗಿದ್ದರೆ ಮಾತ್ರ ಇದನ್ನೆಲ್ಲ ನೋಡುತ್ತಾ ಹೊತ್ತು ಕಳೆಯಬೇಡಿ.

ದಿನನಿತ್ಯ

ಎಂಆರ್‌ಐ ಮಾಡುವ ಮುಂಚೆ ಪಂಪ್ ಇದೆ ಎಂದು ಹೇಳಬೇಕು. ಅಯಸ್ಕಾಂತದಲ್ಲಿ ಮೋಟರ್ ತಾತ್ಕಾಲಿಕವಾಗಿ ನಿಲ್ಲುತ್ತದೆ. ಹೊರಗೆ ಬಂದ ಮೇಲೆ ಮತ್ತೆ ಶುರುವಾಯಿತೋ ಇಲ್ಲವೋ ಉಪಕರಣ ಹಿಡಿದು ನೋಡಲೇಬೇಕು. ಹಾಗೆ ನೋಡುವವರು ಇಲ್ಲದ ಊರಿನಲ್ಲಿ ಎಂಆರ್‌ಐ ಬೇಡ. ಬೆನ್ನಿಗೆ ಅರಿವಳಿಕೆ ಸೂಜಿ ಹಾಕುವ ಮಾತು ಬಂದರೂ ಹೇಳಿ, ಒಳಗಿನ ಪೈಪಿಗೆ ಸೂಜಿ ತಾಗಬಹುದು. ಫಿಸಿಯೋಥೆರಪಿಯಲ್ಲಿ ಶಾಖದ ಯಂತ್ರ, ಡಯಾಥರ್ಮಿ, ಪಂಪಿನ ಹತ್ತಿರವೂ ಪೈಪಿನ ಹತ್ತಿರವೂ ಬೇಡವೇ ಬೇಡ. ನಾಟಿ ವೈದ್ಯರಲ್ಲಿ ಕೈಕಾಲು ಉಜ್ಜಿಸುವವರು ಬೆನ್ನು, ಹೊಟ್ಟೆ ಬಿಟ್ಟು ಉಜ್ಜಿಸಿ. ಪಂಪಿನ ಗುರುತಿನ ಚೀಟಿ ಸದಾ ಜೇಬಿನಲ್ಲಿರಲಿ. ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಲೋಹ ಪತ್ತೆಯ ಬಾಗಿಲು ಕೂಗಿದರೆ ಅದನ್ನು ತೋರಿಸಿದರಾಯಿತು.

ಹೇಳಲು ಕಷ್ಟವಾದರೂ ಹೇಳಲೇಬೇಕಾದ್ದು ಒಂದಿದೆ. ಪಂಪ್ ಇದ್ದವರು ತೀರಿಕೊಂಡರೆ, ಸುಡುವ ಪದ್ಧತಿಯ ಮನೆಯವರು ಅದಕ್ಕೆ ಮೊದಲು ಪಂಪನ್ನು ತೆಗೆಸಬೇಕು. ಬೆಂಕಿಯ ಬಿಸಿಗೆ ಅದು ಸಿಡಿಯಬಹುದು. ದುಃಖದ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ. ಡಾಕ್ಟರ ಪತ್ರದ ಕೊನೆಯ ಸಾಲಾಗಿ ಇದನ್ನೂ ಬರೆಸಿಡಿ.

ಬ್ಯಾಟರಿ ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ ಬರುತ್ತದೆ. ಚಾರ್ಜ್ ಮಾಡುವಂಥದ್ದಲ್ಲ, ಇಡೀ ಪಂಪನ್ನೇ ಬದಲಿಸಬೇಕು. ಒಳಗಿನ ಪೈಪು ಸರಿ ಇದ್ದರೆ ಅದನ್ನೇ ಉಳಿಸಿಕೊಳ್ಳುತ್ತಾರೆ, ಹಾಗಾಗಿ ಆಪರೇಶನ್ ಮೊದಲಿನಷ್ಟು ದೊಡ್ಡದಲ್ಲ, ಖರ್ಚು ಮಾತ್ರ ದೊಡ್ಡದೇ. ಮೂರು ವರ್ಷ ಕಳೆದ ಮೇಲೆ ಪ್ರತಿ ಸಲ ತುಂಬಿಸುವಾಗಲೂ ಬ್ಯಾಟರಿ ಇನ್ನೆಷ್ಟು ತಿಂಗಳಿದೆ ಎಂದು ಕೇಳಿ. ಆ ತಿಂಗಳು ಮಳೆಗಾಲಕ್ಕೆ ಬರುವಂತಿದ್ದರೆ ಅದರ ಹಿಂದಿನ ಬೇಸಿಗೆಯಲ್ಲೇ ಬದಲಿಸಿಕೊಡಲು ಆಗುತ್ತದೆಯೇ ಎಂದು ಮಾತಾಡಿ.